ಕೆಲಸದ ಜಾಗದ ಕಾರ್ ಪಾರ್ಕಿನಲ್ಲಿ ಖಾಸಗಿ ಕಂಪನಿಯ ಟಿಕೆಟ್ ಬಂದರೆ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೇಲ್ಮನವಿ ಸಲ್ಲಿಸುವ ಬಗೆ

2025ರ ಮಾರ್ಚ್ 18, ಮಂಗಳವಾರ ಸಂಜೆ ಮನೆಯ ಬಾಗಿಲು ತೆರೆದಾಗ ಕಾಲೊರಸಿನ ಮೇಲೆ ಒಂದು ಬಿಳಿ ಲಕೋಟೆ ಬಿದ್ದಿತ್ತು. ಒಳಗಿದ್ದ ಹಾಳೆಯಲ್ಲಿ ನಮ್ಮ ಕಾರಿನ ಎರಡು ಕಪ್ಪು ಬಿಳುಪು ಚಿತ್ರಗಳಿದ್ದವು. ಒಂದು ಮಾರ್ಚ್ 3ರ ಬೆಳಗ್ಗೆ 8.41ಕ್ಕೆ ಗೇಟಿನೊಳಗೆ ಬಂದದ್ದು, ಇನ್ನೊಂದು ಅದೇ ಸಂಜೆ 5.52ಕ್ಕೆ ಹೊರಗೆ ಹೋದದ್ದು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 100 ಪೌಂಡ್ ಎಂದೂ, 14 ದಿನಗಳೊಳಗೆ ಕಟ್ಟಿದರೆ 60 ಪೌಂಡ್ ಎಂದೂ ಬರೆದಿತ್ತು. ಆ ಗೇಟು ಬೇರೆ ಯಾವುದೂ ಅಲ್ಲ, ನಾನು ಐದು ವರ್ಷಗಳಿಂದ ಕೆಲಸ ಮಾಡುತ್ತಿರುವ ಕಚೇರಿಯದು. ಮಾರ್ಚ್ 3ರ ಹಿಂದಿನ ಶನಿವಾರ ನಾವು ಹಳೆಯ ಕಾರನ್ನು ಕೊಟ್ಟು ಬೇರೆ ಕಾರು ತಂದಿದ್ದೆವು. ಕಚೇರಿಯ ಪರ್ಮಿಟ್ ಪಟ್ಟಿಯಲ್ಲಿ ಮಾತ್ರ ಹಳೆಯ ನಂಬರೇ ಉಳಿದಿತ್ತು. ಕ್ಯಾಮೆರಾಕ್ಕೆ ಗೊತ್ತಿರುವುದು ನಂಬರ್ ಪ್ಲೇಟ್ ಒಂದೇ. ಒಳಗೆ ಕುಳಿತವರು ಆ ಕಟ್ಟಡದಲ್ಲಿ ದುಡಿಯುವವರೋ ಅಲ್ಲವೋ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಇಂಥ ಪತ್ರ ಕೈಗೆ ಬಂದಾಗ ನಮ್ಮವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ: ಹೆದರಿ ಆ ರಾತ್ರಿಯೇ 60 ಪೌಂಡ್ ಕಟ್ಟಿಬಿಡುತ್ತಾರೆ, ಇಲ್ಲವೇ ಯಾರೋ ಹೇಳಿದ ಮಾತು ನಂಬಿ ಪತ್ರವನ್ನು ಹರಿದು ಬಿಸಾಡುತ್ತಾರೆ. ಎರಡೂ ತಪ್ಪು. ಆಸ್ಪತ್ರೆಗಳಲ್ಲಿ ಶಿಫ್ಟ್ ಮಾಡುವ ನರ್ಸ್‌ಗಳು, ವೈದ್ಯರು, ಬಿಸಿನೆಸ್ ಪಾರ್ಕ್‌ಗಳಲ್ಲಿ ಕೆಲಸ ಮಾಡುವ ಐಟಿ ಮಂದಿ, ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡುವ ವಿದ್ಯಾರ್ಥಿಗಳು, ಹೀಗೆ ಇಲ್ಲಿರುವ ಕನ್ನಡಿಗರಿಗೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳಿರುವ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು. ಚಾಲಕರು ಯಾರೆಂದು ತಿಳಿಯದಿದ್ದಾಗ ವಾಹನದ ಕೀಪರ್ (ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು) ಮೇಲೆ ಹೊಣೆ ಹೊರಿಸುವ ಶಾಸನ ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಅನ್ವಯಿಸುವುದಿಲ್ಲವಾದ್ದರಿಂದ, ಅಲ್ಲಿರುವವರು ದಿನಗಳ ಲೆಕ್ಕದ ಭಾಗವನ್ನು ತಮ್ಮದೆಂದು ತಿಳಿಯಬಾರದು.

ಬಂದಿರುವುದು ದಂಡವೋ, ಬಿಲ್ಲೋ?

ಮೊದಲ ಕೆಲಸ, ಪತ್ರದ ಶೀರ್ಷಿಕೆಯನ್ನು ಓದುವುದು. ಕೌನ್ಸಿಲ್, ಎಂದರೆ ಸ್ಥಳೀಯ ಆಡಳಿತ, ಕಳಿಸುವುದು ಪೆನಾಲ್ಟಿ ಚಾರ್ಜ್ ನೋಟೀಸ್. ಖಾಸಗಿ ಕಂಪನಿ ಕಳಿಸುವುದು ಪಾರ್ಕಿಂಗ್ ಚಾರ್ಜ್ ನೋಟೀಸ್. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಕೌನ್ಸಿಲಿನದು ಶಾಸನದ ಬಲವಿರುವ ದಂಡ, ಅದರ ಮೇಲ್ಮನವಿಯ ದಾರಿಯೇ ಬೇರೆ. ಖಾಸಗಿ ಕಂಪನಿಯದು ದಂಡವಲ್ಲ. ಬೋರ್ಡಿನಲ್ಲಿ ಬರೆದ ಷರತ್ತುಗಳಿಗೆ ಒಪ್ಪಿ ನೀವು ಕಾರು ನಿಲ್ಲಿಸಿದಿರಿ, ಆ ಒಪ್ಪಂದವನ್ನು ಮುರಿದಿರಿ, ಆದ್ದರಿಂದ ಇಷ್ಟು ಹಣ ಕೊಡಿ ಎಂದು ಕೇಳುವ ಬಿಲ್ಲು ಅದು. ಅದರಿಂದ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುವುದಿಲ್ಲ, ಅದು ಅಪರಾಧವೂ ಅಲ್ಲ. ವೀಸಾದ ಮೇಲಿರುವ ಎಷ್ಟೋ ಮಂದಿ ಇದೊಂದು ಕಾಗದಕ್ಕೆ ನಿದ್ದೆಗೆಟ್ಟಿರುವುದನ್ನು ನಾನು ನೋಡಿದ್ದೇನೆ. ಟಿಕೆಟ್ ಬಂದ ಮಾತ್ರಕ್ಕೆ ವೀಸಾಕ್ಕೆ ಯಾವ ತೊಂದರೆಯೂ ಇಲ್ಲ.

ಆದರೆ ಬಿಲ್ಲು ಎಂದ ಕೂಡಲೇ ಅಲಕ್ಷ್ಯ ಮಾಡಬಹುದು ಎಂದಲ್ಲ. 2015ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಪಾರ್ಕಿಂಗ್‌ಐ ಎಂಬ ಪಾರ್ಕಿಂಗ್ ಕಂಪನಿ ಮತ್ತು ಬೀವಿಸ್ ಎಂಬ ಕಾರು ಚಾಲಕರ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಚೆಲ್ಮ್ಸ್‌ಫರ್ಡ್‌ನ ಒಂದು ಶಾಪಿಂಗ್ ಪಾರ್ಕಿನಲ್ಲಿ ಎರಡು ಗಂಟೆಯ ಮಿತಿಗಿಂತ 56 ನಿಮಿಷ ಹೆಚ್ಚು ನಿಂತ ಕಾರಿಗೆ ಹಾಕಿದ 85 ಪೌಂಡ್ ನ್ಯಾಯವಾದದ್ದೇ ಎಂದು ಅದು ಹೇಳಿತು. ಕೆಲಸದ ಜಾಗಕ್ಕೆ ಇನ್ನೂ ಹತ್ತಿರದ ಉದಾಹರಣೆ ಕಾರ್ಡಿಫ್‌ನದು. ಅಲ್ಲಿನ ಯೂನಿವರ್ಸಿಟಿ ಹಾಸ್ಪಿಟಲ್ ಆಫ್ ವೇಲ್ಸ್‌ನ 75 ಮಂದಿ ಸಿಬ್ಬಂದಿ, ತಾವು ದುಡಿಯುವ ಆಸ್ಪತ್ರೆಯ ಆವರಣದಲ್ಲೇ ಬಿದ್ದ ಟಿಕೆಟ್‌ಗಳನ್ನು ಕಟ್ಟುವುದಿಲ್ಲವೆಂದು ನಿಂತರು. 2017ರ ಜುಲೈನಲ್ಲಿ ನ್ಯಾಯಾಲಯ ಅವರ ವಿರುದ್ಧ ತೀರ್ಪಿತ್ತಿತು. ರೋಗಿಗಳ ಸೇವೆಗೆಂದು ಬಂದವರಿಗೆ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ನಾನು ಇಲ್ಲಿ ಕೆಲಸ ಮಾಡುತ್ತೇನೆ ಎಂಬ ಒಂದೇ ಮಾತು ಸಾಲದು, ಆ ಮಾತಿಗೆ ಕಾಗದದ ಆಧಾರ ಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಇನ್ನೊಂದು ಎಚ್ಚರಿಕೆ. ಮೇಲ್ಮನವಿ ಹಾಕುವ ಮನಸ್ಸಿದ್ದರೆ ರಿಯಾಯಿತಿಯ 60 ಪೌಂಡನ್ನು ಕಟ್ಟಬೇಡಿ. ಆಮೇಲೆ ವಾದಿಸಿ ವಾಪಸ್ ಪಡೆಯುತ್ತೇನೆ ಎನ್ನುವುದು ನಡೆಯುವುದಿಲ್ಲ. ಹಣ ಕಟ್ಟಿದರೆ ಟಿಕೆಟನ್ನು ಒಪ್ಪಿಕೊಂಡಂತೆಯೇ ಎಣಿಸುತ್ತಾರೆ.

ದಿನಗಳನ್ನು ಎಣಿಸುವುದು

ಈ ಇಡೀ ವ್ಯವಹಾರ ನಿಂತಿರುವುದು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ನಾಲ್ಕನೆಯ ಅನುಬಂಧದ ಮೇಲೆ. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಷೇಧಿಸಿದ್ದೂ ಅದೇ ಕಾಯ್ದೆ. ಬೀಗ ಹಾಕುವ ಅಧಿಕಾರ ಹೋದದ್ದಕ್ಕೆ ಪ್ರತಿಯಾಗಿ ಕಂಪನಿಗಳಿಗೆ ಒಂದು ಹೊಸ ಅವಕಾಶ ಸಿಕ್ಕಿತು: ಕಾರು ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ, ಲಾಗ್ ಬುಕ್ಕಿನಲ್ಲಿ (ವಾಹನದ ನೋಂದಣಿ ಪತ್ರದಲ್ಲಿ) ಹೆಸರಿರುವ ನೋಂದಾಯಿತ ಕೀಪರ್‌ನಿಂದಲೇ ಹಣ ಕೇಳಬಹುದು. ಆದರೆ ಈ ಅವಕಾಶ ಷರತ್ತಿಲ್ಲದೆ ಬಂದದ್ದಲ್ಲ. ಕಾಯ್ದೆ ಹೇಳಿದ ದಿನದೊಳಗೆ, ಕಾಯ್ದೆ ಹೇಳಿದ ವಿವರಗಳೊಂದಿಗೆ ಕೀಪರ್‌ಗೆ ನೋಟೀಸು ತಲುಪಿದರೆ ಮಾತ್ರ ಆ ಹೊಣೆ ಹುಟ್ಟುತ್ತದೆ.

ಕ್ಯಾಮೆರಾ ಹಿಡಿದ ಪ್ರಕರಣವಾಗಿದ್ದು, ವಿಂಡ್‌ಸ್ಕ್ರೀನಿನ ಮೇಲೆ ಏನನ್ನೂ ಅಂಟಿಸಿಲ್ಲವಾದರೆ, ಕಾರು ನಿಂತಿದ್ದ ಅವಧಿ ಮುಗಿದ ಮರುದಿನದಿಂದ ಎಣಿಸಿ 14 ದಿನಗಳೊಳಗೆ ನೋಟೀಸು ಕೀಪರ್‌ಗೆ ತಲುಪಿರಬೇಕು. ಕಳಿಸಿದರೆ ಸಾಲದು, ತಲುಪಬೇಕು. ಅಂಚೆಯಲ್ಲಿ ಬಂದ ಪತ್ರ, ಅಂಚೆಗೆ ಹಾಕಿದ ಎರಡನೆಯ ಕೆಲಸದ ದಿನ ತಲುಪಿತು ಎಂದು ಕಾಯ್ದೆ ಭಾವಿಸುತ್ತದೆ. ನನ್ನ ಪತ್ರವನ್ನೇ ತೆಗೆದುಕೊಳ್ಳಿ. ಕಾರು ನಿಂತದ್ದು ಮಾರ್ಚ್ 3, ಸೋಮವಾರ. ಎಣಿಕೆ ಮಾರ್ಚ್ 4ರಿಂದ ಶುರುವಾಗಿ 17ಕ್ಕೆ 14 ದಿನ ಮುಗಿಯುತ್ತದೆ. ಪತ್ರದ ಮೇಲಿದ್ದ ದಿನಾಂಕ ಮಾರ್ಚ್ 14, ಶುಕ್ರವಾರ. ಶನಿವಾರ, ಭಾನುವಾರ ಕೆಲಸದ ದಿನಗಳಲ್ಲ. ಸೋಮವಾರ 17 ಮೊದಲನೆಯದು, ಮಂಗಳವಾರ 18 ಎರಡನೆಯದು. ಒಂದೇ ಒಂದು ದಿನ ತಡ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಮೂರು ಸಲ ಎಣಿಸಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ. ಅದರ ಮೇಲೆ ಅಂಚೆಯ ದಿನಾಂಕವಿದ್ದರೆ ಅದೂ ಸಾಕ್ಷಿಯಾಗುತ್ತದೆ.

ವಿಂಡ್‌ಸ್ಕ್ರೀನಿನ ಮೇಲೆ ಟಿಕೆಟ್ ಅಂಟಿಸಿದ್ದರೆ ಲೆಕ್ಕ ಬೇರೆ. ಅದು ಚಾಲಕರಿಗೆ ಕೊಟ್ಟ ನೋಟೀಸು. ಆಮೇಲೆ 28 ದಿನ ಕಾದು, ಹಣ ಬರದಿದ್ದರೆ, ಅದರ ಮುಂದಿನ 28 ದಿನಗಳೊಳಗೆ ಕೀಪರ್‌ಗೆ ಪ್ರತ್ಯೇಕ ನೋಟೀಸು ತಲುಪಿಸಬೇಕು. ಎಂದರೆ 56ನೆಯ ದಿನ ದಾಟಿದರೆ ಕೀಪರ್ ಮೇಲಿನ ಹೊಣೆ ಬೀಳುವುದಿಲ್ಲ.

ನೋಟೀಸಿನ ಒಕ್ಕಣೆಯನ್ನೂ ಸಾಲು ಸಾಲಾಗಿ ಓದಿ. ಯಾವ ವಾಹನ, ಯಾವ ಜಾಗ, ಎಷ್ಟು ಹೊತ್ತು ನಿಂತಿತ್ತು, ಹಣ ಯಾರಿಗೆ ಸಲ್ಲಬೇಕು, ಚಾಲಕರ ಹೆಸರು ತಮಗೆ ತಿಳಿದಿಲ್ಲ, 28 ದಿನಗಳಾದ ಮೇಲೂ ತಿಳಿಯದಿದ್ದರೆ ಕೀಪರ್‌ನಿಂದ ವಸೂಲಿ ಮಾಡುವ ಹಕ್ಕು ಬರುತ್ತದೆ ಎಂಬ ಎಚ್ಚರಿಕೆ, ಇವಿಷ್ಟೂ ಅದರಲ್ಲಿರಬೇಕು. ಒಂದು ಬಿಟ್ಟುಹೋಗಿದ್ದರೂ ಅದನ್ನು ಗುರುತು ಮಾಡಿಟ್ಟುಕೊಳ್ಳಿ. ವಿಮಾನ ನಿಲ್ದಾಣ, ರೈಲು ನಿಲ್ದಾಣದಂಥ, ತಮ್ಮದೇ ಬೈಲಾಗಳಿರುವ ಜಾಗಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ವಾದವಿದೆ: ಅಂಥ ಜಾಗಗಳು ಈ ಅನುಬಂಧದ ವ್ಯಾಪ್ತಿಗೇ ಬರುವುದಿಲ್ಲ, ಆದ್ದರಿಂದ ಅಲ್ಲಿ ಕೀಪರ್‌ನ ಹೊಣೆ ಎಂಬುದಿಲ್ಲ.

ಚಾಲಕರು ಯಾರೆಂದು ನೀವಾಗಿ ಹೇಳಬೇಡಿ

ಈ ಒಂದು ವಿಷಯದಲ್ಲಿ ಎಡವಿದವರೇ ಹೆಚ್ಚು. ನನ್ನ ಗೆಳೆಯನ ಹೆಂಡತಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಬೆಳಗ್ಗೆ ಏಳಕ್ಕೆ ಹ್ಯಾಂಡೋವರ್ ಇದ್ದುದರಿಂದ ಅವಸರದಲ್ಲಿ ಕಾರಿನ ಬಾಗಿಲು ಹಾಕಿದ ರಭಸಕ್ಕೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪರ್ಮಿಟ್ ಸೀಟಿನ ಕೆಳಗೆ ಜಾರಿಬಿದ್ದಿತು. ಸಂಜೆ ಬಂದು ನೋಡಿದರೆ ಗಾಜಿನ ಮೇಲೆ ಟಿಕೆಟ್ ಇಟ್ಟ ಹಳದಿ ಪ್ಲಾಸ್ಟಿಕ್ ಚೀಲ. ಆಕೆ ಆ ರಾತ್ರಿಯೇ, ನಾನು ಕಾರು ನಿಲ್ಲಿಸಿ ಓಡಿದೆ, ಪರ್ಮಿಟ್ ಬಿದ್ದದ್ದು ನೋಡಲಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಕಂಪನಿಗೆ ಬರೆದರು. ಪ್ರಾಮಾಣಿಕವಾದ, ವಿನಯದ ಪತ್ರ. ಆದರೆ ನಾನು ನಿಲ್ಲಿಸಿದೆ ಎಂಬ ಎರಡು ಪದಗಳಿಂದ ಕಂಪನಿಗೆ ಚಾಲಕರು ಸಿಕ್ಕಿಬಿಟ್ಟರು, ಕೀಪರ್‌ಗೆ ಕಾಯ್ದೆ ಕೊಟ್ಟಿರುವ ರಕ್ಷಣೆಯೆಲ್ಲ ಆ ಕ್ಷಣಕ್ಕೇ ಕೈಬಿಟ್ಟಿತು.

ಖಾಸಗಿ ಕಂಪನಿಗೆ ಚಾಲಕರ ಹೆಸರು ಹೇಳಬೇಕೆಂಬ ಕಾನೂನು ಕಟ್ಟುಪಾಡು ನಿಮಗಿಲ್ಲ. ಪೊಲೀಸರು ಕೇಳಿದಾಗ ಹೇಳಬೇಕಾದುದು ಬೇರೆ ವಿಷಯ. ಆದ್ದರಿಂದ ಪತ್ರದುದ್ದಕ್ಕೂ ನಾನು ನಿಲ್ಲಿಸಿದೆ, ನಾನು ಹೊರಟೆ ಎನ್ನುವ ಬದಲು ವಾಹನವನ್ನು ನಿಲ್ಲಿಸಲಾಗಿತ್ತು, ವಾಹನ ಹೊರಟಿತು ಎಂದೇ ಬರೆಯಿರಿ. ಆನ್‌ಲೈನ್ ಫಾರಂನಲ್ಲಿ ನೀವು ಯಾರು ಎಂಬ ಪ್ರಶ್ನೆಗೆ ನೋಂದಾಯಿತ ಕೀಪರ್ ಎಂಬುದನ್ನು ಆರಿಸಿ. ಆದರೆ ಸುಳ್ಳು ಹೇಳಬೇಡಿ. ಓಡಿಸಿದ್ದು ನೀವೇ ಆಗಿದ್ದರೆ, ನಾನು ಓಡಿಸಲಿಲ್ಲ ಎಂದು ಬರೆಯಕೂಡದು. ಮುಂದೆ ವಿಷಯ ಕೋರ್ಟಿಗೆ ಹೋದರೆ ಸತ್ಯವೆಂದು ಸಹಿ ಹಾಕಿದ ಹೇಳಿಕೆಯನ್ನೇ ಕೊಡಬೇಕಾಗುತ್ತದೆ. ಹೇಳದೇ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ.

ಸಂಬಳದಿಂದ ಕಡಿತವಾಗುವ ಲೀಸ್ ಕಾರು ಇಟ್ಟುಕೊಂಡವರಿಗೆ ಒಂದು ಮಾತು. ಅಲ್ಲಿ ಕೀಪರ್ ಲೀಸ್ ಕಂಪನಿ. ನೋಟೀಸು ಮೊದಲು ಅವರಿಗೆ ಹೋಗುತ್ತದೆ. ಕೆಲವು ಲೀಸ್ ಕಂಪನಿಗಳು ನಿಮ್ಮನ್ನು ಕೇಳದೆ ಹಣ ಕಟ್ಟಿ, ತಮ್ಮ ಶುಲ್ಕವನ್ನೂ ಸೇರಿಸಿ ನಿಮ್ಮಿಂದ ವಸೂಲಿ ಮಾಡುತ್ತವೆ. ಟಿಕೆಟಿನ ಸುಳಿವು ಸಿಕ್ಕ ಕೂಡಲೇ ಅವರಿಗೆ ಬರೆದು, ಹಣ ಕಟ್ಟಬೇಡಿ, ಹೊಣೆಯನ್ನು ನನ್ನ ಹೆಸರಿಗೆ ವರ್ಗಾಯಿಸಿ ಎಂದು ಕೇಳಿ. ಆಗ ಪಾರ್ಕಿಂಗ್ ಕಂಪನಿ ನಿಮಗೆ ಹೊಸ ನೋಟೀಸು ಕಳಿಸಬೇಕು, ಅದರೊಂದಿಗೆ ಲೀಸ್ ಕರಾರಿನ ಪ್ರತಿ ಮತ್ತು ನೀವು ಹೊಣೆ ಒಪ್ಪಿ ಸಹಿ ಮಾಡಿದ ಹೇಳಿಕೆಯ ಪ್ರತಿ ಇರಬೇಕು. ಈ ಪ್ರತಿಗಳನ್ನು ಲಗತ್ತಿಸದಿದ್ದರೆ ಅದೇ ನಿಮ್ಮ ಮೊದಲ ವಾದವಾಗುತ್ತದೆ.

ಜಾಗ ಕೊಟ್ಟವರನ್ನು ಮೊದಲು ಕೇಳಿ

ಸೂಪರ್ ಮಾರ್ಕೆಟಿನಲ್ಲಿ ಟಿಕೆಟ್ ಬಿದ್ದವರಿಗಿಂತ ಕೆಲಸದ ಜಾಗದಲ್ಲಿ ಬಿದ್ದವರಿಗೆ ಒಂದು ದೊಡ್ಡ ಅನುಕೂಲವಿದೆ: ಪಾರ್ಕಿಂಗ್ ಕಂಪನಿಯನ್ನು ಕರೆಸಿದವರೇ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿರುತ್ತಾರೆ, ಅಥವಾ ಅವರ ಪರಿಚಯ ನಿಮ್ಮ ಸಂಸ್ಥೆಗೆ ಇರುತ್ತದೆ. ಕರೆಸಿದವರು ಹೇಳಿದರೆ ಟಿಕೆಟ್ ಒಂದೇ ಇಮೇಲಿನಲ್ಲಿ ರದ್ದಾಗಬಹುದು. ಆದ್ದರಿಂದ ಕಂಪನಿಗೆ ಬರೆಯುವ ಮೊದಲೇ, ಅಥವಾ ಬರೆಯುವ ದಿನವೇ, ನಿಮ್ಮ ಮ್ಯಾನೇಜರಿಗೂ ಫೆಸಿಲಿಟೀಸ್ ವಿಭಾಗಕ್ಕೂ ಬರೆಯಿರಿ. ಆಸ್ಪತ್ರೆಗಳಲ್ಲಿ ಇದನ್ನು ಎಸ್ಟೇಟ್ಸ್ ವಿಭಾಗ ಅಥವಾ ಕಾರ್ ಪಾರ್ಕ್ ಆಫೀಸು ನೋಡಿಕೊಳ್ಳುತ್ತದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಇಮೇಲ್ ಮಾಡಿ. ಟಿಕೆಟ್ ಸಂಖ್ಯೆ, ದಿನಾಂಕ, ನಂಬರ್ ಪ್ಲೇಟ್, ನಿಮ್ಮ ಪರ್ಮಿಟ್ ಸಂಖ್ಯೆ ಇವಿಷ್ಟನ್ನು ಕೊಟ್ಟು, ಇದು ಸಿಬ್ಬಂದಿಯ ವಾಹನವಾದ್ದರಿಂದ ರದ್ದು ಮಾಡಲು ಕಂಪನಿಗೆ ತಿಳಿಸಿ ಎಂದು ನೇರವಾಗಿ ಕೇಳಿ. ಆ ನರ್ಸ್ ಉಳಿದುಕೊಂಡದ್ದು ಹೀಗೆಯೇ. ವಾರ್ಡ್ ಮ್ಯಾನೇಜರ್ ರೋಟಾದ (ಪಾಳಿ ಪಟ್ಟಿಯ) ಪ್ರತಿಯನ್ನು ಸೇರಿಸಿ ಎಸ್ಟೇಟ್ಸ್‌ಗೆ ಬರೆದರು, ಹತ್ತು ದಿನಗಳಲ್ಲಿ ಟಿಕೆಟ್ ರದ್ದಾಯಿತು. ಪ್ರತಿ ತಿಂಗಳು ಆಕೆಯ ಸಂಬಳದಿಂದ ಪಾರ್ಕಿಂಗಿಗೆಂದು ಹಣ ಕಡಿತವಾಗುತ್ತಿದ್ದುದನ್ನು ತೋರಿಸುವ ಪೇಸ್ಲಿಪ್ ಅಲ್ಲಿ ಬಹಳ ಕೆಲಸಕ್ಕೆ ಬಂದಿತು.

ಬಿಸಿನೆಸ್ ಪಾರ್ಕ್‌ಗಳಲ್ಲಿ ಹೀಗೆ ಸುಲಭವಾಗುವುದಿಲ್ಲ. ಅಲ್ಲಿ ನಿಮ್ಮ ಸಂಸ್ಥೆಯೂ ಬಾಡಿಗೆದಾರ. ಕಂಪನಿಯನ್ನು ಕರೆಸಿದವರು ಜಾಗದ ಒಡೆಯರು ಅಥವಾ ಅವರ ಮ್ಯಾನೇಜಿಂಗ್ ಏಜೆಂಟ್. ನನ್ನ ವಿಷಯದಲ್ಲಿ ನಮ್ಮ ಫೆಸಿಲಿಟೀಸ್ ವಿಭಾಗ ಏಜೆಂಟರಿಗೆ ಬರೆದು, ಅಲ್ಲಿಂದ ಉತ್ತರ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಮೇಲ್ಮನವಿಯ ಗಡುವು ಮುಗಿದುಹೋಗುತ್ತಿತ್ತು. ಆದ್ದರಿಂದ ಕಚೇರಿ ನೋಡಿಕೊಳ್ಳುತ್ತದೆ ಎಂದು ಕಂಪನಿಗೆ ಬರೆಯುವುದನ್ನು ತಡ ಮಾಡಬೇಡಿ, ಎರಡೂ ದಾರಿಯಲ್ಲಿ ಒಟ್ಟಿಗೆ ನಡೆಯಿರಿ. ಹಾಗೆಯೇ ನಿಮ್ಮ ಸಂಸ್ಥೆಯ ಬಾಡಿಗೆ ಕರಾರಿನಲ್ಲಿ ಇಷ್ಟು ಪಾರ್ಕಿಂಗ್ ಜಾಗ ಸಂಸ್ಥೆಗೆ ಸೇರಿದ್ದು ಎಂಬ ಸಾಲು ಇದೆಯೇ ಎಂದು ಕೇಳಿ ನೋಡಿ. 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್ ಒಂದು ಮೇಲ್ಮನವಿಯಲ್ಲಿ, ವಸತಿ ಕಟ್ಟಡದ ನಿವಾಸಿಗೆ ಲೀಸ್ ಕರಾರು ಕೊಟ್ಟ ಹಕ್ಕನ್ನು ಆಮೇಲೆ ಬಂದ ಪಾರ್ಕಿಂಗ್ ಕಂಪನಿಯ ಬೋರ್ಡು ಕಿತ್ತುಕೊಳ್ಳಲಾರದು ಎಂದು ಹೇಳಿತು. ಸಾಮಾನು ಇಳಿಸಲು ಕೆಲವು ನಿಮಿಷ ನಿಂತದ್ದು ಪಾರ್ಕಿಂಗೇ ಅಲ್ಲ ಎಂದೂ ಹೇಳಿತು. ಅದು ಮನೆಗೆ ಸಂಬಂಧಿಸಿದ ತೀರ್ಪು, ಬೇರೆ ನ್ಯಾಯಾಧೀಶರು ಅದನ್ನು ಪಾಲಿಸಲೇಬೇಕೆಂದಿಲ್ಲ. ಆದರೂ ಅದರ ತರ್ಕ ಕಚೇರಿಯ ಕರಾರಿಗೂ ಹೊಂದುತ್ತದೆ.

ಸಾಕ್ಷಿ ಕೂಡಿಸುವುದು

ಪತ್ರ ಬಂದ ಮರುದಿನವೇ ಕಾರ್ ಪಾರ್ಕಿಗೆ ಹೋಗಿ ಬೋರ್ಡುಗಳ ಫೋಟೋ ತೆಗೆಯಿರಿ. ಗೇಟಿನಲ್ಲಿ ಚಾಲಕರ ಆಸನದಿಂದ ಬೋರ್ಡು ಹೇಗೆ ಕಾಣುತ್ತದೆ, ಕಾರು ನಿಂತಿದ್ದ ಜಾಗದಿಂದ ಹತ್ತಿರದ ಬೋರ್ಡು ಎಷ್ಟು ಹೆಜ್ಜೆ ದೂರ, 100 ಪೌಂಡ್ ಎಂಬುದು ಎಷ್ಟು ಗಾತ್ರದ ಅಕ್ಷರದಲ್ಲಿದೆ, ಮರದ ಕೊಂಬೆ ಅಡ್ಡವಿದೆಯೇ, ಚಳಿಗಾಲದ ಬೆಳಗಿನ ಕತ್ತಲಲ್ಲಿ ದೀಪವಿದೆಯೇ, ಎಲ್ಲವೂ ಚಿತ್ರದಲ್ಲಿ ಬರಲಿ. ಕಂಪನಿಯ ಪತ್ರಗಳು ಬೀವಿಸ್ ತೀರ್ಪನ್ನು ಪದೇ ಪದೇ ಉಲ್ಲೇಖಿಸುತ್ತವೆ. ಆ ಪ್ರಕರಣದಲ್ಲಿ ಬೋರ್ಡುಗಳು ದೊಡ್ಡದಾಗಿ, ಸ್ಪಷ್ಟವಾಗಿ, ಅನೇಕ ಕಡೆ ಇದ್ದವು ಎಂಬುದೂ ತೀರ್ಪಿಗೆ ಆಧಾರವಾಗಿತ್ತು ಎನ್ನುವುದನ್ನು ಮಾತ್ರ ಅವು ಹೇಳುವುದಿಲ್ಲ.

ಪರ್ಮಿಟ್, ಅದನ್ನು ಕೊಟ್ಟ ಇಮೇಲು, ನೇಮಕಾತಿ ಪತ್ರದಲ್ಲಿ ಪಾರ್ಕಿಂಗ್ ಬಗ್ಗೆ ಇರುವ ಸಾಲು, ಆ ದಿನದ ರೋಟಾ, ಕಾರು ಬದಲಿಸಿದ ದಿನದ ರಸೀದಿ, ನಂಬರ್ ಬದಲಿಸಲು ಕಚೇರಿಗೆ ಬರೆದಿದ್ದರೆ ಆ ಇಮೇಲು ಇವೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಿ. ರೋಟಾ, ಕಾರ್ಡ್ ಸ್ವೈಪ್ ದಾಖಲೆಗಳಂಥವು ಕಂಪನಿಯ ಕೈಗೆ ಹೋದರೆ ಚಾಲಕರು ಯಾರೆಂಬುದನ್ನೂ ಪರೋಕ್ಷವಾಗಿ ಹೇಳಿಬಿಡಬಹುದು. ಅವನ್ನು ಜಾಗ ಕೊಟ್ಟವರಿಗೆ ತೋರಿಸಿ, ಕಂಪನಿಗೆ ಕಳಿಸುವ ಮುನ್ನ ಯೋಚಿಸಿ.

ಮಧ್ಯಾಹ್ನ ಕಾರು ಹೊರಗೆ ಹೋಗಿ ಮತ್ತೆ ಬಂದಿದ್ದ ದಿನವಾದರೆ ಕ್ಯಾಮೆರಾದ ಲೆಕ್ಕವನ್ನೇ ಅನುಮಾನಿಸಿ. ಮೊದಲ ಬಾರಿ ಹೊರಗೆ ಹೋದದ್ದನ್ನೂ ಎರಡನೆಯ ಬಾರಿ ಒಳಗೆ ಬಂದದ್ದನ್ನೂ ಕ್ಯಾಮೆರಾ ಹಿಡಿಯದೆ ಹೋದರೆ, ಎರಡು ಸಣ್ಣ ಭೇಟಿಗಳು ಒಂದು ದೊಡ್ಡ ಭೇಟಿಯಾಗಿ ದಾಖಲಾಗುತ್ತವೆ. ಪೆಟ್ರೋಲ್ ಬಂಕಿನ ರಸೀದಿ, ಬ್ಯಾಂಕ್ ಖಾತೆಯ ವಿವರ, ಫೋನಿನ ಮ್ಯಾಪ್‌ನಲ್ಲಿರುವ ಸಂಚಾರದ ದಾಖಲೆ ಇದನ್ನು ಹೊರಗೆಳೆಯಬಲ್ಲವು. ಬೇಕಿದ್ದರೆ ನಿಮ್ಮ ಬಗ್ಗೆ ಇರುವ ಎಲ್ಲ ಚಿತ್ರ, ದಾಖಲೆಗಳನ್ನು ಕೊಡಿ ಎಂದು ದತ್ತಾಂಶ ಸಂರಕ್ಷಣಾ ಕಾನೂನಿನಡಿ ಕಂಪನಿಯನ್ನು ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಶುಲ್ಕವಿಲ್ಲದೆ ಅವರು ಕೊಡಬೇಕು.

ಕಂಪನಿಗೆ ಬರೆಯುವ ಪತ್ರ

ನೋಟೀಸು ಬಂದ 28 ದಿನಗಳೊಳಗೆ ಕಂಪನಿಗೇ ಮೊದಲ ಮೇಲ್ಮನವಿ ಹೋಗಬೇಕು. ಫೋನ್ ಮಾಡಬೇಡಿ, ಮಾತಿನ ಭರದಲ್ಲಿ ಚಾಲಕರ ಹೆಸರು ಬಾಯಿಗೆ ಬಂದುಬಿಡುತ್ತದೆ. ಪತ್ರ ಚಿಕ್ಕದಾಗಿರಲಿ, ಇಂಗ್ಲಿಷಿನಲ್ಲಿ ನೀವು ಬರೆಯುವ ಪತ್ರದ ತಾತ್ಪರ್ಯ ಹೀಗಿರಲಿ:

ಈ ವಾಹನದ ನೋಂದಾಯಿತ ಕೀಪರ್ ಆಗಿ ನಿಮ್ಮ ಪಾರ್ಕಿಂಗ್ ಚಾರ್ಜನ್ನು ನಾನು ನಿರಾಕರಿಸುತ್ತೇನೆ. ನಿಮ್ಮ ನೋಟೀಸು 2012ರ ಕಾಯ್ದೆಯ ನಾಲ್ಕನೆಯ ಅನುಬಂಧದಲ್ಲಿ ಹೇಳಿದ ಅವಧಿಯೊಳಗೆ ತಲುಪಿಲ್ಲವಾದ್ದರಿಂದ ಕೀಪರ್ ಮೇಲೆ ಯಾವ ಹೊಣೆಯೂ ಇಲ್ಲ. ಚಾಲಕರ ಹೆಸರನ್ನು ತಿಳಿಸುವ ಕಟ್ಟುಪಾಡು ನನಗಿಲ್ಲ, ತಿಳಿಸುವುದೂ ಇಲ್ಲ. ಈ ಆವರಣದ ಸಂಸ್ಥೆಯ ಸಿಬ್ಬಂದಿಗೆ ಇಲ್ಲಿ ವಾಹನ ನಿಲ್ಲಿಸುವ ಅನುಮತಿ ಇದೆ. ಜಾಗದ ಒಡೆಯರು ನಿಮಗೆ ಲಿಖಿತವಾಗಿ ಕೊಟ್ಟ ಅಧಿಕಾರದ ಪ್ರತಿಯನ್ನು ಕಳಿಸಿ. ಚಾರ್ಜನ್ನು ರದ್ದು ಮಾಡಿ, ಇಲ್ಲವಾದರೆ ಸ್ವತಂತ್ರ ಮೇಲ್ಮನವಿಗೆ ಬೇಕಾದ ಸಂಕೇತ ಸಂಖ್ಯೆಯನ್ನು ಕೊಡಿ.

ನಿಮ್ಮ ನೋಟೀಸು ಸಮಯಕ್ಕೇ ಬಂದಿದ್ದರೆ ಎರಡನೆಯ ವಾಕ್ಯವನ್ನು ಬಿಟ್ಟು, ನಿಮಗೆ ಒದಗುವ ಕಾರಣವನ್ನು ಬರೆಯಿರಿ. ನಿಗದಿತ ಅವಧಿಗೆ ನಿಲ್ಲಿಸಲು ಅವಕಾಶವಿರುವ ಕಡೆ ಅವಧಿ ಮುಗಿದ ಮೇಲೆ ಕನಿಷ್ಠ 10 ನಿಮಿಷ ವಿನಾಯಿತಿ ಕೊಡಬೇಕೆಂಬ ನಿಯಮ, ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಮತ್ತು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ ಎಂಬ ಎರಡು ಸಂಘಗಳು ಸೇರಿ ರೂಪಿಸಿ 2024ರ ಅಕ್ಟೋಬರ್ 1ರಿಂದ ಜಾರಿಗೆ ತಂದ ಜಂಟಿ ಸಂಹಿತೆಯಲ್ಲಿದೆ. ಈ ಎರಡರಲ್ಲಿ ಒಂದು ಸಂಘದ ಸದಸ್ಯತ್ವವಿಲ್ಲದ ಕಂಪನಿಗೆ, ವಾಹನ ನೋಂದಣಿ ಮತ್ತು ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎ ನಿಮ್ಮ ವಿಳಾಸವನ್ನು ಕೊಡುವುದೇ ಇಲ್ಲ. ಸದಸ್ಯತ್ವವಿದ್ದರೆ ಒಂದು ವಿಳಾಸಕ್ಕೆ ಎರಡೂವರೆ ಪೌಂಡ್ ಪಡೆದು ಕೊಡುತ್ತದೆ. ಅಂಗವೈಕಲ್ಯ ಅಥವಾ ಗರ್ಭಾವಸ್ಥೆಯ ಕಾರಣವಿದ್ದರೆ ಅದನ್ನು ಸಂಕೋಚವಿಲ್ಲದೆ ಬರೆಯಿರಿ, ವೈದ್ಯರ ಪತ್ರವಿದ್ದರೆ ಲಗತ್ತಿಸಿ. ಆನ್‌ಲೈನಿನಲ್ಲಿ ಸಲ್ಲಿಸಿದ ಮೇಲೆ ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಲು ಮರೆಯಬೇಡಿ.

ಉತ್ತರ ತಿರಸ್ಕಾರವಾಗಿಯೇ ಬರಬಹುದು. ಅದಕ್ಕೆ ಎದೆಗುಂದಬೇಕಿಲ್ಲ. ನಿಮ್ಮ ಪತ್ರವನ್ನು ಓದಿ ತೀರ್ಮಾನ ಮಾಡಿದವರು ಆ ಹಣ ಬರಬೇಕಾದವರೇ.

ಸ್ವತಂತ್ರ ಮೇಲ್ಮನವಿ

ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯನಾಗಿದ್ದರೆ ಮುಂದಿನ ಮೆಟ್ಟಿಲು ಪೋಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸೇವೆ. ತಿರಸ್ಕಾರದ ಪತ್ರದಲ್ಲಿ ಹತ್ತು ಅಂಕಿಗಳ ಸಂಕೇತ ಇರುತ್ತದೆ, ಅಲ್ಲಿಂದ 28 ದಿನಗಳೊಳಗೆ ಸಲ್ಲಿಸಬೇಕು. ನಿಮಗೆ ಶುಲ್ಕವಿಲ್ಲ. ಗೆದ್ದರೆ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ಸೋತರೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಎಂದರೆ ಕಳೆದುಕೊಳ್ಳುವುದು ರಿಯಾಯಿತಿಯ ದರವನ್ನು ಮಾತ್ರ. ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯ ಸದಸ್ಯನಾಗಿದ್ದರೆ ಮೇಲ್ಮನವಿ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವೀಸ್‌ಗೆ ಹೋಗುತ್ತದೆ. ಗಡುವನ್ನು ಪತ್ರದಲ್ಲೇ ನೋಡಿಕೊಳ್ಳಿ. ಅಲ್ಲಿ ಶುಲ್ಕವಿಲ್ಲದ ಸಾಮಾನ್ಯ ಮೇಲ್ಮನವಿಯನ್ನೇ ಆರಿಸಿ. ಹಣ ಕೊಟ್ಟು ಹಾಕುವ ಇನ್ನೊಂದು ಬಗೆಯದು ನಿಮ್ಮನ್ನೂ ಕಟ್ಟಿಹಾಕುತ್ತದೆ.

ಪೋಪ್ಲಾದಲ್ಲಿ ಕಷ್ಟ ಹೇಳಿಕೊಂಡರೆ ಪ್ರಯೋಜನ ಕಡಿಮೆ. ಅವಸರವಿತ್ತು, ರೋಗಿ ಕಾಯುತ್ತಿದ್ದರು ಎಂಬುದು ಮನುಷ್ಯರ ಮನಸ್ಸಿಗೆ ತಟ್ಟುತ್ತದೆ, ಆದರೆ ಅಲ್ಲಿ ಕೇಳುವ ಪ್ರಶ್ನೆ ಚಾರ್ಜನ್ನು ಸರಿಯಾಗಿ ಹಾಕಲಾಗಿದೆಯೇ ಎಂಬುದಷ್ಟೇ. ಆದ್ದರಿಂದ ವಾದಗಳನ್ನು ಬೇರೆ ಬೇರೆ ತಲೆಬರಹದಡಿ ಬರೆಯಿರಿ: ನೋಟೀಸು ತಡವಾದದ್ದು, ಚಾಲಕರು ಯಾರೆಂದು ಕಂಪನಿ ಸಾಬೀತು ಮಾಡದಿರುವುದು, ಜಾಗದ ಒಡೆಯರ ಅಧಿಕಾರಪತ್ರ ಇಲ್ಲದಿರುವುದು, ಬೋರ್ಡಿನ ದೋಷ. ಒಂದೊಂದಕ್ಕೂ ಫೋಟೋ ಅಥವಾ ದಾಖಲೆ ಸೇರಿಸಿ. ನಂತರ ಕಂಪನಿ ತನ್ನ ಸಾಕ್ಷ್ಯವನ್ನು ಹಾಕುತ್ತದೆ, ಅದಕ್ಕೆ ಉತ್ತರಿಸಲು ನಿಮಗೆ ಏಳೇ ದಿನ. ಈ ಏಳು ದಿನ ಊರಿಗೆ ಹೋಗಿದ್ದು ಇಮೇಲ್ ನೋಡದೆ ಅವಕಾಶ ಕಳೆದುಕೊಂಡವರಿದ್ದಾರೆ. ಕಂಪನಿ ಹಾಕಿದ ಬೋರ್ಡಿನ ಚಿತ್ರಗಳ ದಿನಾಂಕ ನೋಡಿ, ಒಡೆಯರೊಂದಿಗಿನ ಕರಾರು ಇನ್ನೂ ಊರ್ಜಿತವಿದೆಯೇ ನೋಡಿ.

ನನ್ನ ಮೇಲ್ಮನವಿಯಲ್ಲಿ ಮೊದಲ ವಾದ ಆ ಒಂದು ದಿನದ್ದು, ಎರಡನೆಯದು ಮ್ಯಾನೇಜಿಂಗ್ ಏಜೆಂಟರು ಕೊನೆಗೂ ಕೊಟ್ಟ ಎರಡು ಸಾಲಿನ ಉತ್ತರ: ಆ ಸಾಲಿನ ಜಾಗಗಳು ನಮ್ಮ ಸಂಸ್ಥೆಗೆ ಮೀಸಲು. ಕಂಪನಿ ತನ್ನ ಸಾಕ್ಷ್ಯವನ್ನೇ ಹಾಕಲಿಲ್ಲ, ಚಾರ್ಜನ್ನು ಹಿಂತೆಗೆದುಕೊಂಡಿತು.

ಸೋತರೆ, ಅಥವಾ ಕೋರ್ಟಿನ ಪತ್ರ ಬಂದರೆ

ಇಲ್ಲಿಂದ ಮುಂದೆ ಬರುವ ಪತ್ರಗಳಲ್ಲಿ ಎರಡು ಬಗೆ. ಸಾಲ ವಸೂಲಿ ಏಜೆನ್ಸಿಗಳ ಪತ್ರಗಳು 70 ಪೌಂಡ್ ಸೇರಿಸಿ, 170 ಕೊಡಿ ಎನ್ನುತ್ತವೆ. ಅವರಿಗೆ ಮನೆಗೆ ಬಂದು ವಸ್ತು ಒಯ್ಯುವ ಅಧಿಕಾರವಿಲ್ಲ. ಅವನ್ನು ಫೈಲಿಗೆ ಹಾಕಿ ಸುಮ್ಮನಿರಬಹುದು. ಆದರೆ ಲೆಟರ್ ಬಿಫೋರ್ ಕ್ಲೇಮ್ ಎಂಬ, ಕೋರ್ಟಿಗೆ ಹೋಗುವ ಮುನ್ನ ಕಳಿಸುವ ಎಚ್ಚರಿಕೆಯ ಪತ್ರ ಬಂದರೆ 30 ದಿನಗಳೊಳಗೆ ಉತ್ತರಿಸಿ, ಯಾವ ಕಾರಣಕ್ಕೆ ನಿರಾಕರಿಸುತ್ತೀರಿ ಎಂದು ಬರೆಯಿರಿ. ಅದರ ಮೇಲೂ ಕೌಂಟಿ ಕೋರ್ಟಿನಿಂದ ಕ್ಲೇಮ್ ಫಾರಂ ಬಂದರೆ ಒಂದು ದಿನವನ್ನೂ ಕಳೆಯಬೇಡಿ. ಹೊರಡಿಸಿದ ದಿನದಿಂದ ಐದು ದಿನಕ್ಕೆ ಅದು ನಿಮಗೆ ತಲುಪಿತೆಂದು ಎಣಿಸುತ್ತಾರೆ. ಅಲ್ಲಿಂದ 14 ದಿನಗಳೊಳಗೆ, ಫಾರಂ ಸಿಕ್ಕಿದೆ, ಪ್ರತಿವಾದ ಮಾಡುತ್ತೇನೆ ಎಂದು ಆನ್‌ಲೈನಿನಲ್ಲಿ ತಿಳಿಸಿದರೆ, ಪ್ರತಿವಾದ ಸಲ್ಲಿಸಲು ಒಟ್ಟು 28 ದಿನ ಸಿಗುತ್ತದೆ. 2024ರ ಮೇ ತಿಂಗಳಿನಿಂದ ಇಂಥ ಸಣ್ಣ ಹಣದ ವ್ಯಾಜ್ಯಗಳಲ್ಲಿ ಫೋನಿನ ಮೂಲಕ ಒಂದು ಗಂಟೆಯ ಉಚಿತ ಮಧ್ಯಸ್ಥಿಕೆ ಕಡ್ಡಾಯವಾಗಿದೆ. ಅದರಲ್ಲಿ ಭಾಗವಹಿಸಲೇಬೇಕು, ಆದರೆ ಹಣ ಕೊಡಲು ಒಪ್ಪಲೇಬೇಕೆಂದಿಲ್ಲ.

ವಿಚಾರಣೆಯಲ್ಲಿ ಸೋತರೂ ಲೆಕ್ಕ ಊಹಿಸುವಷ್ಟು ಭಯಂಕರವಲ್ಲ. 100 ಪೌಂಡಿನ ಚಾರ್ಜು, ಕೋರ್ಟ್ ಒಪ್ಪಿದರೆ ಏಜೆನ್ಸಿ ಸೇರಿಸಿದ ಆ 70, ಕೋರ್ಟ್ ಶುಲ್ಕ 35, ವಕೀಲರ ನಿಗದಿತ ವೆಚ್ಚ 50, ವಿಚಾರಣೆಯ ಶುಲ್ಕ 27, ಎಲ್ಲ ಸೇರಿ 300 ಪೌಂಡಿನ ಒಳಗೆ ನಿಲ್ಲುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಲ್ಲಿ ಕಲೆ ಉಳಿಯುವುದಿಲ್ಲ. ಭಯಪಡಬೇಕಾದದ್ದು ಬೇರೆಯದಕ್ಕೆ: ಫಾರಂ ಬಂದದ್ದೇ ತಿಳಿಯದೆ, ನೀವಿಲ್ಲದೆ ನಿಮ್ಮ ವಿರುದ್ಧ ಆಗುವ ತೀರ್ಪು. ಸಿಸಿಜೆ ಎಂದು ಕರೆಯುವ ಆ ತೀರ್ಪು ಆರು ವರ್ಷ ದಾಖಲೆಯಲ್ಲಿರುತ್ತದೆ, ಮನೆ ಸಾಲ ಕೇಳುವಾಗ ಎದುರು ನಿಲ್ಲುತ್ತದೆ, ಬ್ರಿಟಿಷ್ ಪೌರತ್ವದ ಅರ್ಜಿಯಲ್ಲಿ ಅದನ್ನು ತಿಳಿಸಬೇಕಾಗುತ್ತದೆ. ಅದನ್ನು ತೆಗೆಸಲು ಕೋರ್ಟಿಗೆ ಕಟ್ಟುವ ಅರ್ಜಿ ಶುಲ್ಕವೇ 300 ಪೌಂಡಿಗೂ ಮೇಲೆ, ಟಿಕೆಟಿಗಿಂತ ಮೂರು ಪಟ್ಟು.

ನಮ್ಮವರು ಬಾಡಿಗೆ ಮನೆ ಬದಲಿಸುವುದು ಹೆಚ್ಚು. ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸಿ, ಲಾಗ್ ಬುಕ್ಕಿನದನ್ನು ಮರೆಯುತ್ತಾರೆ. ಎರಡೂ ಬೇರೆ ಬೇರೆ ದಾಖಲೆಗಳು, ಎರಡನ್ನೂ ಡಿವಿಎಲ್‌ಎಗೆ ಪ್ರತ್ಯೇಕವಾಗಿ ತಿಳಿಸಬೇಕು, ಎರಡೂ ಉಚಿತ. ಟಿಕೆಟಿನ ವ್ಯವಹಾರ ನಡೆಯುತ್ತಿರುವಾಗಲೇ ಮನೆ ಬದಲಿಸಿದರೆ ಪಾರ್ಕಿಂಗ್ ಕಂಪನಿಗೂ ಅದರ ವಕೀಲರಿಗೂ ಹೊಸ ವಿಳಾಸವನ್ನು ಇಮೇಲಿನಲ್ಲಿ ಬರೆದು, ಹಳೆಯದನ್ನು ಅಳಿಸಿ ಎಂದು ತಿಳಿಸಿ. ಕಚೇರಿಯ ಪರ್ಮಿಟ್ ಪಟ್ಟಿಯಲ್ಲಿರುವ ನಂಬರನ್ನೂ ಅದೇ ದಿನ ಒಮ್ಮೆ ನೋಡಿಬಿಡಿ.